ಬಂಗುಡೆಯ ಕಣ್ಣು

ಒಂಬತ್ತು ಸೆಂಟಿಮೀಟರ್ ಅಗಲ, ಹನ್ನೊಂದು ಎತ್ತರ:
ಈ ಭೂಮಿಯಲ್ಲಿ ನನ್ನ ಹೆಸರಿಗಿರುವ ಜಾಗ ಅಷ್ಟೇ.
ಬಲಕ್ಕೆ ಮೂಲವ್ಯಾಧಿಯ ಜಾಹೀರಾತು,
ಕೆಳಗೆ ಚಿನ್ನದ ದರ.
ದರ ಏರಿದ ದಿನ ನನ್ನ ಜೋಕಿಗೆ ಯಾರೂ ನಗುವುದಿಲ್ಲ.
ಇಳಿದ ದಿನ ನಗುತ್ತಾರೆ,
ನನ್ನ ಜೋಕಿಗಲ್ಲ.

ಬೆಳಿಗ್ಗೆ ಕಾವೂರಿನಿಂದ ಹಂಪನಕಟ್ಟೆಗೆ ಸಿಟಿ ಬಸ್ಸು.
ಮೂಗುಗಳನ್ನು ನಾನು ಹೆಕ್ಕುವುದು ಅಲ್ಲಿಯೇ.
ಕಂಡಕ್ಟರ್ ದಾಮುವಿನ ಒಂದು ಕಾಲು ಫುಟ್‌ಬೋರ್ಡಿನಲ್ಲಿ;
ಇನ್ನೊಂದು ಎಲ್ಲಿ ಎಂಬುದು
ಇಪ್ಪತ್ತೆರಡು ವರ್ಷದಿಂದ ಬಿಡಿಸಲಿಕ್ಕೆ ಬಂದಿಲ್ಲ.
“ದುಂಬು ಪೋಲೆ, ದುಂಬು ಪೋಲೆ” ಅನ್ನುತ್ತಾನೆ,
ಮುಂದೆ ಉಳಿದಿರುವುದು ಡ್ರೈವರಿನ ಮಡಿಲು ಮಾತ್ರ.

ಊರಿನಲ್ಲಿ ಅರ್ಧ ಕಟ್ಟಿದ ಮೇಲ್ಸೇತುವೆಯೊಂದಿತ್ತು.
ನನ್ನ ಸಂಸಾರ ದಾಟಿದ್ದು ಅದರ ಮೇಲೆಯೇ.
ಮಗಳ ಫೀಸು, ಫ್ರಿಜ್ಜು, ಅತ್ತೆಯ ಕಣ್ಣಿನ ಪೊರೆ,
ಎಲ್ಲದಕ್ಕೂ ಆ ಮೊಂಡು ಕಂಬಗಳೇ ಆಧಾರ.
ಅದು ಮುಗಿದ ದಿನ ಊರೆಲ್ಲ ಪಟಾಕಿ,
ನಾನು ತಲೆಗೆ ಕೈಕೊಟ್ಟು ಕೂತೆ.

ಒಮ್ಮೆ ಒಬ್ಬ ಕಾರ್ಪೊರೇಟರನನ್ನು
ಮಡಕೆಯಾಗಿ ಬಿಡಿಸಿದೆ, ತಳ ತೂತು.
ರಾತ್ರಿ ಫೋನು. ಕೈ ನಡುಗಿತು.
“ಅದರ ಒರಿಜಿನಲ್ ಸಿಗಬಹುದಾ ಮಾರಾಯ್ರೆ?
ಚಾವಡಿಯಲ್ಲಿ ಫ್ರೇಮ್ ಹಾಕಿ ತೂಗಿಸ್ಲಿಕ್ಕೆ.
ತಲೆಯಲ್ಲಿ ಸ್ವಲ್ಪ ಕೂದಲು ಸೇರಿಸಿ ಕೊಡಿ, ಆಯ್ತಾ?”
ಸೇರಿಸಿದೆ. ಹದಿನೇಳು ಗೆರೆ.
ಈ ಭ್ರಷ್ಟಾಚಾರ ಯಾವ ಕಡತದಲ್ಲೂ ಇಲ್ಲ.

ಸಾವಿನ ಮನೆಗೆ ಹೋದರೂ
ಜನ ನನ್ನನ್ನು ಕಂಡು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ,
ಅಳಲಿಕ್ಕಲ್ಲ.

ಸೆವ್ರಿನ್ ನನ್ನ ಜೋಕಿಗೆ ನಕ್ಕದ್ದಿಲ್ಲ.
ನಾನು ಬಿಡಿಸುವ ಮುಖವನ್ನು ನನ್ನ ಮುಖವೇ ಮೊದಲು ಮಾಡುತ್ತದಂತೆ:
ಮಂತ್ರಿಗೆ ಗಲ್ಲ ಉಬ್ಬುತ್ತದೆ, ಪೊಲೀಸಿಗೆ ಹುಬ್ಬು ಏರುತ್ತದೆ.
ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿ ನಗುತ್ತಾಳೆ.
ಹಾಗಾದರೆ ಪತ್ರಿಕೆಗೆ ನಾನು ಕಳಿಸುತ್ತಿರುವುದು
ಉಳಿದ ಪಳೆಯುಳಿಕೆಯೋ ಏನೋ.

ಇರಲಿ. ಹೇಳಬೇಕಾದ್ದು ಇದಲ್ಲ.

ನಿನ್ನೆ ಉರ್ವ ಮಾರ್ಕೆಟಿನಲ್ಲಿ ಜಲಜಕ್ಕ
ಆರು ಬಂಗುಡೆಯನ್ನು ಪೇಪರಿನಲ್ಲಿ ಸುತ್ತುತ್ತಾ ನಿಂತಳು.
ಪೇಪರಿನಲ್ಲಿ ನಾನು. ಮೊನ್ನೆಯ ನಾನು.
ಬರ್ಫದ ಮೇಲೆ ಮಲಗಿ ಮೇಯರಿಗೆ ಬುದ್ಧಿ ಹೇಳುವ ಮೀನು.
ಅಕ್ಷರ ಅವಳಿಗೆ ಓದಲಿಕ್ಕಾಗದು; ಮೀನು ಆಗುತ್ತದೆ.
ಕತ್ತಿಯ ತುದಿಯಲ್ಲಿ ಕುಟ್ಟಿದಳು:
“ಇದು ಎಡ್ಡೆ ಇಜ್ಜಿ. ಮೂರು ದಿನದ್ದು.
ಕಣ್ಣು ನೋಡಿ, ಸುಣ್ಣ. ಕಿವಿರೇ ಇಲ್ಲ.
ಇಂಥದ್ದನ್ನು ಬೆಕ್ಕು ಸಹ ಮುಟ್ಟುದಿಲ್ಲ.”

ನಾನೇ ಬಿಡಿಸಿದ್ದು ಎನ್ನಲಿಲ್ಲ.
ಚಿಲ್ಲರೆ ತೆಗೆದುಕೊಂಡು ಬಂದೆ.
ಇಪ್ಪತ್ತೆರಡು ವರ್ಷದಲ್ಲಿ ಬಂದ ವಿಮರ್ಶೆ ಇದೊಂದೇ.

ರಾತ್ರಿ ಒಂದು ಬಂಗುಡೆಯನ್ನು ಡ್ರಾಯಿಂಗ್ ಬೋರ್ಡಿನ ಮೇಲಿಟ್ಟು ಕೂತೆ.
ಕಡೆದ ಮಸಾಲೆ ಕಾಯುತ್ತಿತ್ತು, ಸೆವ್ರಿನ್ ಕಾಯಲಿಲ್ಲ:
“ಐದಕ್ಕೇ ಮೆತ್ತುತ್ತೇನೆ, ನಿಮ್ಮದನ್ನು ನೀವೇ ನೆಕ್ಕಿ.”
ಕಪ್ಪು ಬೊಟ್ಟು ಇಟ್ಟೆ. ಸತ್ತಿತು.
ಇನ್ನೊಂದು. ಇನ್ನೂ ಸತ್ತಿತು.
ನಾಲ್ಕನೆಯದರಲ್ಲಿ ಕಪ್ಪಿನ ನಡುವೆ
ಸಾಸಿವೆಯಷ್ಟು ಜಾಗ ಶಾಯಿ ಮುಟ್ಟದೆ ಬಿಟ್ಟೆ.
ಮೀನು ನನ್ನನ್ನು ನೋಡಿತು.

ಎಂಟೂವರೆಗೆ ಸಂಪಾದಕ ರೊಸಾರಿಯೊ ಫೋನು:
“ಎಂತದು, ಆಯ್ತಾ?”
“ಮೀನು ಆಯ್ತು ಸರ್.”
“ಜೋಕು?”
“ಜೋಕು ಸಿಗಲಿಲ್ಲ. ಮೀನು ತಾಜಾ ಉಂಟು.”
ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು.

ಫೋನಿಟ್ಟು ಬಂದು ನೋಡಿದರೆ ಬೋರ್ಡಿನಲ್ಲಿ ಬಂಗುಡೆ ಇಲ್ಲ.
ಕಿಟಕಿಯಲ್ಲಿ ಪಕ್ಕದ ಮನೆಯ ಬೆಕ್ಕಿನ ಬಾಲ.
ಕಾಗದದ ಮೀನಿನ ಕಿವಿರ ಹತ್ತಿರ, ಒಣಗದ ಶಾಯಿಯಲ್ಲಿ,
ಒಂದು ಒದ್ದೆ ಮೂಗಿನ ಗುರುತು.

ಅಳಿಸಲಿಲ್ಲ. ಹಾಗೇ ಕಳಿಸಿದೆ.
ನಾಳೆ ಚಿನ್ನದ ದರದ ಮೇಲೆ ನೋಡಿ.
ಮುದ್ರಣದೋಷ ಅಂದುಕೊಳ್ಳಬೇಡಿ.